ಭಾಸ್ಕರನ ಒಡಲಿನ ತಾಮ್ರ

ಸತ್ತ ಭಾಸ್ಕರನ ಯಕೃತ್ತಿನಲ್ಲಿ ತಾಮ್ರ ಸಿಕ್ಕಿತು! ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

೧೯೬೩ರ ಮಳೆಗಾಲ. ಬೆಂಗಳೂರಿನ ಪರೀಕ್ಷಾಲಯದಿಂದ ಆ ಸುದ್ದಿ ಬಂದ ದಿನವೇ ಪೆರಾಬೆಯ ಶೀನಪ್ಪ ರೈಯ ಅಡುಗೆಮನೆಯ ಅಟ್ಟದಲ್ಲಿ ಪೊಲೀಸರಿಗೆ ಮೈಲುತುತ್ತಿನ ಪೊಟ್ಟಣವೂ ಸಿಕ್ಕಿತು. ಅಡಿಕೆಮರಕ್ಕೆ ಸಿಂಪಡಿಸುವ ಆ ನೀಲಿ ಹರಳಿನಲ್ಲಿರುವುದು ತಾಮ್ರವೇ ತಾನೆ? ರೈಯ ಎರಡನೆಯ ಹೆಂಡತಿ ದಮಯಂತಿಯನ್ನು ಠಾಣೆಗೆ ಕರೆತಂದರು.

ದೂರು ಕೊಟ್ಟವನು ರೈಯೇ. ಕೊಡದೆ ಏನು ಮಾಡಿಯಾನು? ತೀರಿಹೋದ ಮೊದಲ ಹೆಂಡತಿ ಪುಷ್ಪಾವತಿಯ ಮಗ, ಮೀಸೆ ಚಿಗುರುವ ಪ್ರಾಯದವನು, ಕೈ ನಡುಗಿ, ನಾಲಗೆ ತೊದಲಿ, ಹಾಸಿಗೆ ಹಿಡಿದು ಸತ್ತಿದ್ದ. ಈಗ ಅವನ ತಂಗಿ ವಾರಿಜಾಕ್ಷಿಯ ಕೈಯೂ ನಡುಗುತ್ತಿತ್ತು. ದಮಯಂತಿ ಹೆತ್ತ ಮಗ ಮಾತ್ರ ಗುಂಡುಕಲ್ಲಿನಂತಿದ್ದ. ಅದೊಂದೇ ಸಾಕಾಗಿತ್ತು ರೈಯ ನಿದ್ದೆ ಕೆಡಿಸಲು.

ಹುಡುಗಿಗೂ ವಿಷ ಬಿದ್ದಿದೆಯೇ ಎಂದು ನೋಡಲು ಸಬ್‌ಇನ್ಸ್‌ಪೆಕ್ಟರರು ಮಕ್ಕಳನ್ನೂ ಉಪ್ಪಿನಂಗಡಿಯ ಡಾಕ್ಟರ್ ರಾಮಪ್ರಸಾದರನ್ನೂ ಠಾಣೆಗೆ ಕರೆಸಿದರು. ಡಾಕ್ಟರರು ಟಾರ್ಚು ಹಿಡಿದು ವಾರಿಜಾಕ್ಷಿಯ ಕಣ್ಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಟ್ಟ ತಮ್ಮನ ಕಣ್ಣು. ಮತ್ತೆ ಅವಳದು. ಮಕ್ಕಳಿಬ್ಬರನ್ನೂ ಹೊರಗೆ ಜಗಲಿಗೆ ಕಳಿಸಿದರು.

"ಪೊಟ್ಟಣ ಅಟ್ಟದಲ್ಲಿ ಯಾಕಮ್ಮ ಇಟ್ಟದ್ದು?"

"ಹೆದರಿ, ಡಾಕ್ಟ್ರೆ," ಎಂದಳು ದಮಯಂತಿ. "ಭಾಸ್ಕರ ಹೋದ ಮೇಲೆ ನನಗೂ ಅದರ ಮೇಲೆಯೇ ಸಂಶಯ. ಕೆಳಗೆ ಇದ್ರೆ ಮಕ್ಕಳ ಕೈಗೆ ಸಿಗ್ತದಲ್ಲ?"

"ಕಥೆ ಕಟ್ಟುದು!" ರೈ ಸಿಡುಕಿದ.

ಡಾಕ್ಟರರು ಅವನತ್ತ ತಿರುಗಿದರು. "ರೈಗಳೇ, ಮರಕ್ಕೆ ಮದ್ದು ಬಿಡುದು ಯಾರು?"

"ತೋಟದ ಆಳು ದೇರಣ್ಣ. ಮೊದಲಿಂದಲೂ ಅವನೇ."

"ಮಳೆಗಾಲ ಇಡೀ ಅವನ ಮೈಯೆಲ್ಲ ನೀಲಿ. ಅವನ ಕೈ ನಡುಗ್ತದಾ?"

"ಇಲ್ಲ."

"ಮನೆಯಲ್ಲಿ ಎಲ್ಲರಿಗೂ ಒಂದೇ ನೀರು, ಒಂದೇ ಅನ್ನ?"

"ಹೌದು— ಆದ್ರೆ ಇವಳ ಮಗನಿಗೆ ಎಂತದೂ ಆಗ್ಲಿಲ್ಲ!"

"ವಿಷಯ ಅಲ್ಲೇ ಉಂಟು. ಪುಷ್ಪಾವತಿಯಮ್ಮ ಮದುವೆಗೆ ಮೊದಲು ನಿಮಗೆ ಎಂತ ಆಗ್ಬೇಕು?"

"ಸೋದರಮಾವನ ಮಗಳು. ನಮ್ಮಲ್ಲಿ ಕ್ರಮವೇ ಹಾಗಲ್ವಾ? ಮಾವನ ಆಸ್ತಿ ಅಳಿಯನಿಗೆ, ಮಗಳೂ ಅಳಿಯನಿಗೆ."

"ದಮಯಂತಿಯಮ್ಮ?"

"ಐವರ್ನಾಡಿನವಳು. ರಕ್ತಸಂಬಂಧ ಇಲ್ಲ."

"ಹಿರಿಯರಲ್ಲಿ ಹೀಗೆ ನಡುಗಿ ಸತ್ತವರುಂಟಾ?"

"ನನ್ನ ಅಮ್ಮನ ಅಮ್ಮನಿಗೆ ಒಬ್ಬ ತಮ್ಮ ಇದ್ದ. ದೈವದ ಕಾಟ ಅಂತ ಹೇಳ್ತಿದ್ರು..."

"ದೈವ ಅಲ್ಲ. ವಿಲ್ಸನ್ ರೋಗ ಅಂತ, ಬಹಳ ಅಪರೂಪದ್ದು. ನಿಮ್ಮ ಮಗಳ ಕಪ್ಪುಗುಡ್ಡೆಯ ಸುತ್ತ ಹಸಿರುಗಂದು ಬಳೆ ಉಂಟು. ಅದು ತಾಮ್ರ. ಯಾರೂ ಹಾಕಿದ್ದಲ್ಲ. ಅನ್ನನೀರಿನಲ್ಲಿ ಎಲ್ಲರ ಹೊಟ್ಟೆಗೂ ಸ್ವಲ್ಪ ತಾಮ್ರ ಹೋಗ್ತದೆ, ಹೊರಗೂ ಹೋಗ್ತದೆ. ಇವರಿಗೆ ಹೊರಗೆ ಹೋಗುದಿಲ್ಲ. ಒಳಗೇ ಸೇರಿ ಸೇರಿ ಮಿದುಳಿಗೆ ಏರ್ತದೆ."

"ಇವರಿಗೆ ಮಾತ್ರ ಯಾಕೆ?"

"ಆ ದೋಷ ಅಪ್ಪ, ಅಮ್ಮ ಇಬ್ಬರಿಂದಲೂ ಬರ್ಬೇಕು. ಒಬ್ಬರಿಂದ ಬಂದ್ರೆ ರೋಗ ಆಗುದಿಲ್ಲ. ನಿಮ್ಮ ಅಜ್ಜಿಯಿಂದ ಅಮ್ಮನ ಮೂಲಕ ನಿಮಗೂ ಬಂತು, ಮಾವನ ಮೂಲಕ ಪುಷ್ಪಾವತಿಯಮ್ಮನಿಗೂ ಬಂತು. ಚಿಕ್ಕವನ ಅಮ್ಮ ಹೊರಗಿನವರು, ಅದಕ್ಕೇ ಅವನು ಉಳಿದ. ನೀವು ಯಾವುದನ್ನು ಅಪರಾಧದ ಗುರುತು ಅಂತ ಹಿಡಿದಿರೋ ಅದೇ ಇವರು ನಿರಪರಾಧಿ ಅನ್ಲಿಕ್ಕೆ ಸಾಕ್ಷಿ." ಡಾಕ್ಟರರು ದನಿ ತಗ್ಗಿಸಿದರು. "ಕೊಂದದ್ದು ಯಾರು ಅಂತ ಹೇಳಲೇಬೇಕಾದ್ರೆ, ರೈಗಳೇ, ನಿಮ್ಮ ಮನೆತನದ ರಕ್ತ."

"ಹಾಗಾದ್ರೆ ವಿಷ ಕೊಟ್ಟದ್ದು ನಾನು," ಎಂದು ಶೀನಪ್ಪ ರೈ ಪೊಲೀಸರೆದುರೇ ಬಿಕ್ಕಿಬಿಕ್ಕಿ ಅತ್ತ. ಮಗ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. "ವಾರಿಜ ಉಳೀತಾಳಾ ಡಾಕ್ಟ್ರೆ?"

"ತಾಮ್ರವನ್ನು ಹೊರಗೆ ಹಾಕುವ ಮಾತ್ರೆ ವಿಲಾಯತಿಯಲ್ಲಿ ಬಂದಿದೆಯಂತೆ. ತರಿಸ್ಲಿಕ್ಕೆ ನೋಡ್ತೇನೆ. ಸಿಕ್ಕೇ ಸಿಗ್ತದೆ ಅಂತ ಹೇಳಲಾರೆ."

ಸಬ್‌ಇನ್ಸ್‌ಪೆಕ್ಟರರು ದಮಯಂತಿಗೆ ಹೋಗಬಹುದೆಂದರು. ರೈ ಅವಳ ಮುಖ ನೋಡಲಾರದೆ, "ಮನೆಗೆ ಹೋಗುವ," ಎಂದ.

"ಬರ್ತೇನೆ. ವಾರಿಜಳಿಗೋಸ್ಕರ," ಎಂದಳು ದಮಯಂತಿ. "ಅವಳಿಗೆ ಗುಣ ಆದ ದಿನ ನನ್ನ ಮಗನನ್ನು ಕರ್ಕೊಂಡು ಐವರ್ನಾಡಿಗೆ ಹೋಗ್ತೇನೆ. ಮತ್ತೆ ನೀವು ಕರೀಬಾರ್ದು."

ರೈ ಕಣ್ಣೊರೆಸಿಕೊಂಡು ತಲೆಯಾಡಿಸಿದ.

"ಹೋಗು ಮಾರಾಯ್ತಿ. ಅವಳಿಗೆ ಗುಣ ಮಾಡಿಸಿ ಹೋಗು."