ಪಕ್ಕದ ಸೀಟಿನ ಮಾತು

"ಎಡಕ್ಕೆ!"

ಅವನು ಕೂಗಿದ ರಭಸಕ್ಕೆ ಅವಳು ಇಲ್ಲದ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿಬಿಟ್ಟಳು. ತರಗತಿ ಗೊಳ್ಳೆಂದು ನಕ್ಕಿತು.

ಅಲ್ಲಿ ಕಾರಿರಲಿಲ್ಲ. ಅಕ್ಕಪಕ್ಕ ಹಾಕಿದ ಎರಡು ಪ್ಲಾಸ್ಟಿಕ್ ಕುರ್ಚಿಗಳೇ ಕಾರು. ಡ್ರೈವಿಂಗ್ ಕಲಿಸಲು ಹೊರಟವರಿಗೆ ಮೊದಲು ಮಾತಾಡುವುದನ್ನು ಕಲಿಸುವ ತರಬೇತಿ ಅದು.

"ಕಿರುಚಿದ್ರೆ ಕಿವಿಗೆ ಮುಟ್ಟತ್ತೆ, ಕಾಲಿಗೆ ಮುಟ್ಟಲ್ಲ," ಎಂದರು ಟ್ರೇನರ್ ಮೇಡಂ.

ವರ್ಷಗಟ್ಟಲೆ ಲಾರಿ ಓಡಿಸಿ, ಇಂಜಿನ್ ಸದ್ದಿನ ಮೇಲೆ ಮಾತಾಡಿ ಪಳಗಿದ ದನಿ ಅವನದು. ಅಂದಿನಿಂದ ಎಲ್ಲರಿಗೂ ಅವನು ಗುಡುಗಪ್ಪ.

ಕಲಿಸುವ ಸರದಿ ಅವಳಿಗೆ ಬಂದಾಗ ಪಾಡು ಬೇರೆ. "ಸ್ವಲ್ಪ... ಅಂದ್ರೆ, ನಿಮಗೆ ಆಗುತ್ತೆ ಅಂದ್ರೆ... ಬ್ರೇಕು..."

"ಅಷ್ಟೊತ್ತಿಗೆ ಎದುರಿನ ಗೋಡೆ ನಮ್ಮನ್ನ ಮಾತಾಡಿಸಿರತ್ತೆ ಮೇಡಂ," ಎಂದ ಗುಡುಗಪ್ಪ.

ಅವಳು ತುಟಿ ಕಚ್ಚಿ ನಗು ತಡೆದಳು. ತಡೆದದ್ದನ್ನು ಅವನು ಕಂಡ.

ಟ್ರೇನರ್ ಮೇಡಂ ಅವರಿಬ್ಬರನ್ನೇ ಜೋಡಿ ಮಾಡಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಿಂತ ಕಾರಿನೊಳಗೆ ಅಭ್ಯಾಸ. ಅವನು ದನಿ ಇಳಿಸಲು ಬೆವರು ಸುರಿಸುತ್ತಿದ್ದ. ಅವಳು ವಾಕ್ಯ ಮುಗಿಸಲು ಒದ್ದಾಡುತ್ತಿದ್ದಳು. ಕನ್ನಡಿ ಸರಿಮಾಡುವ ನೆಪದಲ್ಲಿ ಅವನು ಅದರಲ್ಲಿ ರಸ್ತೆಯ ಬದಲು ಅವಳ ಕಿವಿಯೋಲೆ ಕಾಣುವಷ್ಟು ತಿರುಗಿಸುವನು. ಅವಳು ಏನೂ ತಿಳಿಯದವಳಂತೆ ಮತ್ತೆ ಸರಿ ಮಾಡುವಳು.

ಒಂದು ದಿನದ ಪಾಠ: ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.

"ನಿಮಗೆ ಏನಿಷ್ಟ?" ಎಂದು ಕೇಳಿದ ಅವನು.

"ಗೊತ್ತಿಲ್ಲ."

ಅವನು ಸುಮ್ಮನಿದ್ದ. ಗಾಜಿನ ಮೇಲೆ ಒಂದು ಎಲೆ ಬಿತ್ತು, ಜಾರಿತು. ಅವನು ಇನ್ನೂ ಸುಮ್ಮನಿದ್ದ.

"ಯಾರೂ ಕೇಳಿರ್ಲಿಲ್ಲ," ಎಂದಳು ಕೊನೆಗೆ. ಕಣ್ಣು ತುಂಬಿತ್ತು.

ಮದುವೆಯಾದ ಮರುವರ್ಷವೇ ಅವಳ ಗಂಡ ತೀರಿಹೋಗಿದ್ದ. ಅಣ್ಣ ಬಂದು ತನ್ನ ಮನೆಗೆ ಕರೆದುಕೊಂಡು ಹೋಗಿದ್ದ. ಕೆಳಗೆ ಅವನ ಡ್ರೈವಿಂಗ್ ಸ್ಕೂಲು, ಮೇಲೆ ಮನೆ. ಅತ್ತಿಗೆ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಅಣ್ಣ ಈಗಲೂ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದ. ತರಬೇತಿಗೆ ತಾನೇ ಬಿಡುವನು, ತಾನೇ ಕರೆದೊಯ್ಯುವನು. ಯಾರು ಅವಳನ್ನು ಏನು ಕೇಳಿದರೂ ಉತ್ತರ ಅವನದೇ. ಬೈಯುವ ಅಣ್ಣನಾಗಿದ್ದರೆ ಎದುರು ನಿಲ್ಲಬಹುದಿತ್ತು. ಅಂಗೈಯಲ್ಲಿಟ್ಟು ನೋಡಿಕೊಳ್ಳುವವನು ಆ ಕೈಯನ್ನೇ ಮುಚ್ಚಿದರೆ ಯಾರಿಗೆ ದೂರುವುದು?

ತರಬೇತಿ ಮುಗಿಯುತ್ತ ಬಂದಾಗ ಗುಡುಗಪ್ಪ ಹೇಳಿದ, "ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ನನ್ನನ್ನ ಮದುವೆ ಆಗಿ ಜೊತೆಗೆ ಬರ್ತೀರಾ?" ಅವನ ದನಿ ಅಷ್ಟು ಮೆತ್ತಗಾಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ಈಗಲೇ ಹೇಳ್ಬೇಡಿ. ಕಾಯ್ತೀನಿ."

ಮರುದಿನ ರಸ್ತೆಯ ಮೇಲೆ ಕೊನೆಯ ಅಭ್ಯಾಸ. ತಂಗಿ ಏನು ಕಲಿತಳೋ ನೋಡಬೇಕೆಂದು ಅಣ್ಣ ಹಿಂದಿನ ಸೀಟಿನಲ್ಲಿ ಕೂತ. ಗುಡುಗಪ್ಪ ಕಲಿಯುವವನಾಗಿ ಸ್ಟೀರಿಂಗ್ ಹಿಡಿದ. ಅವಳು ಕಲಿಸುವವಳಾಗಿ ಪಕ್ಕದಲ್ಲಿ.

ಅಂಡರ್‌ಪಾಸಿನ ಮಧ್ಯೆ ಟ್ರಾಫಿಕ್ ಕಟ್ಟಿಕೊಂಡಿತು. ಎರಡೂ ಕಡೆ ಕಾಂಕ್ರೀಟ್ ಗೋಡೆ, ಮುಂದೆ ಬಸ್ಸು, ಹಿಂದೆ ಟ್ಯಾಂಕರು. ಉಸಿರಾಡಲು ಜಾಗವಿಲ್ಲ ಎನ್ನಿಸಿತು ಅವಳಿಗೆ.

"ಇನ್ಮೇಲೆ ಹೆಂಗಸರ ಬ್ಯಾಚೆಲ್ಲ ಪುಟ್ಟಿಗೆ," ಅಣ್ಣ ಖುಷಿಯಿಂದ ಹೇಳುತ್ತಿದ್ದ. "ಮೆಟ್ಟಿಲು ಇಳಿದ್ರೆ ಸ್ಕೂಲು, ಹತ್ತಿದ್ರೆ ಮನೆ. ಸಾಯೋತನಕ ಯಾರ ಹಂಗೂ ಇಲ್ಲ."

"ಅಣ್ಣಾ, ನನಗೆ..."

"ಸೆಖೆನಾ? ರೀ, ಎಸಿ ಜಾಸ್ತಿ ಮಾಡಿ."

"ಅಣ್ಣಾ, ನಾನಿನ್ನೂ ಮಾತು ಮುಗಿಸಿಲ್ಲ."

ಎಸಿಯತ್ತ ಚಾಚಿದ್ದ ಬೆರಳನ್ನು ಅಣ್ಣ ಹಿಂದೆಳೆದುಕೊಂಡ.

"ನಾನು ಇವರನ್ನ ಮದುವೆ ಆಗ್ತೀನಿ. ಇವರಿಗೆ ಕೆಲಸ ಸಿಕ್ಕಿರೋ ಊರಿಗೆ ಹೋಗ್ತೀನಿ. ನೀನು ನನಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದ್ರೂ ಹೋಗ್ತೀನಿ."

"ಏನಯ್ಯಾ," ಅಣ್ಣ ಗುಡುಗಪ್ಪನ ಸೀಟಿನತ್ತ ಬಾಗಿದ, "ಇದನ್ನೆಲ್ಲ ನೀನು ಹೇಳ್ಕೊಟ್ಟಿದ್ದಾ?"

ಗುಡುಗು ಗಂಟಲವರೆಗೂ ಬಂತು. ಗುಡುಗಪ್ಪ ನುಂಗಿಕೊಂಡ. "ಅವರನ್ನೇ ಕೇಳಿ ಸಾರ್."

ಅಣ್ಣ ಕೇಳಲಿಲ್ಲ. ಗೋಡೆಯತ್ತ ಮುಖ ತಿರುಗಿಸಿ ಕೂತ. ಮುಂದಿನ ಬಸ್ಸು ಹೊರಟಿತು. ಟ್ಯಾಂಕರು ಒಂದೇ ಸಮ ಹಾರ್ನ್ ಹೊಡೆಯತೊಡಗಿತು. ಬೆಟ್ಟ ಗುಡ್ಡಗಳಲ್ಲಿ ಲಾರಿ ಹತ್ತಿಸಿದ ಗುಡುಗಪ್ಪನ ಕಾಲು ಕ್ಲಚ್ಚಿನಿಂದ ಜಾರಿ, ಕಾರು ಒಮ್ಮೆ ಎಗರಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದ. ಮತ್ತೆ ಆಫ್.

"ಹಾರ್ನ್ ಕಡೆ ಗಮನ ಬೇಡ," ಎಂದಳು ಅವಳು, ನಿಧಾನವಾಗಿ, ಸ್ಪಷ್ಟವಾಗಿ. "ಕ್ಲಚ್ ಪೂರ್ತಿ ಒತ್ತಿ. ಸ್ಟಾರ್ಟ್ ಮಾಡಿ. ಈಗ ಮೆಲ್ಲಗೆ ಬಿಡಿ. ನಾನಿದೀನಿ."

ಕಾರು ಮೆಲ್ಲಗೆ ಏರು ಹತ್ತಿ ಬಿಸಿಲಿಗೆ ಬಂತು.

ಹಿಂದಿನ ಸೀಟಿನಿಂದ ಅಣ್ಣನ ಮಾತು ಬಂತು. "ನಿಮ್ಮತ್ತಿಗೆಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಗುಡುಗಪ್ಪ ತಿರುಗಿ ಅವಳನ್ನು ನೋಡಿದ. ಅವಳು ಅಳುತ್ತ ನಗುತ್ತಿದ್ದಳು. ಅವನಿಗೆ ಕಣ್ಣು ಕೀಳಲಾಗಲಿಲ್ಲ.

ಅಣ್ಣ ಕರ್ಚೀಫಿನಿಂದ ಮೂಗು ಒರೆಸಿಕೊಂಡ.

"ಅವಳನ್ನಲ್ಲಪ್ಪಾ," ಎಂದ, "ರಸ್ತೆ ನೋಡು."