ಏಳರಲ್ಲಿ ಉಳಿದ ಆರು

“ಏಳರಲ್ಲಿ ಆರು ಉಳೀತೈತೆ. ನಿನ್ನ ಸಂಖ್ಯೆ ತಪ್ಪು ಕಣಮ್ಮ.”

ಬಸ್ಸು ತಡವಾಗಿ ಏದುಸಿರು ಬಿಡುತ್ತ ಬಂದ ಧನುಶ್ರೀಗೆ ತೀರ್ಪುಗಾರ್ತಿ ಪ್ರೇಮಮ್ಮನವರ ಈ ಮಾತೇ ಎದುರಾಯಿತು. ಚನ್ನಗಿರಿಯ ಗಣಿತ ಮೇಳಕ್ಕೆ ನ್ಯಾಮತಿಯಿಂದ ಬಂದ ಹತ್ತನೇ ತರಗತಿಯ ಹುಡುಗಿ. ಹತ್ತೂ ಅಂಕಿಗಳನ್ನು ಒಂದೊಂದೇ ಸಲ ಬಳಸಿದ 3816547290ನ್ನು ಮೂರು ತಿಂಗಳು ತಲೆ ಕೆಡಿಸಿಕೊಂಡು ಹುಡುಕಿದ್ದಳು. ಅದರ ಮೊದಲ ಎರಡು ಅಂಕಿ ಎರಡರಿಂದ, ಮೊದಲ ಮೂರು ಮೂರರಿಂದ — ಹೀಗೆ ಹತ್ತರವರೆಗೂ ಶೇಷವಿಲ್ಲದೆ ಭಾಗವಾಗುತ್ತವೆ. ಅಂಥ ಸಂಖ್ಯೆ ಅದೊಂದೇ.

ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ರಟ್ಟುಗಳಲ್ಲಿ ಈಗ ಇದ್ದದ್ದು ಮಾತ್ರ 1836547290. ಮೂರು, ಒಂದು ಅದಲುಬದಲು! ಮೊದಲ ಏಳು ಅಂಕಿಯನ್ನು ಏಳರಿಂದ ಭಾಗಿಸಿದರೆ ಆರು ಉಳಿಯುತ್ತಿತ್ತು.

“ನಿನ್ನೆ ಸಂಜೆ ಸರಿಯಾಗೇ ಹಾಕಿದ್ದೆ ಮೇಡಂ! ಯಾರೋ ಬದ್ಲಾಯ್ಸಿದಾರೆ!”

“ಯಾರೋ ಏನು? ಪಕ್ಕದ ಮಳಿಗೆ ಮೇಘಶ್ರೀನೇ!” ಧನುಶ್ರೀಯ ಗಣಿತ ಮೇಷ್ಟ್ರು ಮುರುಗೇಶಪ್ಪ ಗುಡುಗಿದರು.

“ಕಳ್ಳಿ!” ಧನುಶ್ರೀಯೂ ಕೂಗಿಬಿಟ್ಟಳು. ಇಡೀ ಸಭಾಂಗಣ ತಿರುಗಿ ನೋಡಿತು. ಹೊನ್ನಾಳಿಯ ಮೇಘಶ್ರೀ ಕಣ್ಣೊರೆಸಿಕೊಂಡು ಚೀಲ ಎತ್ತಿ ಹೊರಟೇಹೋದಳು.

ರಾಜ್ಯಮಟ್ಟಕ್ಕೆ ಹೋಗುವ ಇಬ್ಬರ ಹೆಸರು ಓದಲು ಇನ್ನು ಅರ್ಧ ಗಂಟೆ.

ಪ್ರೇಮಮ್ಮ ಜಗಳೂರಿನ ನಿವೃತ್ತ ಶಿಕ್ಷಕಿ, ಅವಸರದ ಹೆಂಗಸಲ್ಲ. ಶಾಲೆಯ ಜವಾನ ಓಂಕಾರಪ್ಪನನ್ನು ಕರೆದರು.

“ಬೆಳಿಗ್ಗೆ ಬೀಗ ತೆಗ್ದೋರು ಯಾರು?”

“ನಾನೇರೀ. ಕಸ ಹೊಡ್ದು ಹೋದೆ. ಆಮೇಲೆ ಈ ಮೇಷ್ಟ್ರು, ಈಗ ಎದ್ದು ಹೋದ ಆ ಹುಡುಗಿ ಬಂದ್ರು.”

“ರಟ್ಟು ಮುಟ್ಟಿದ್ಯಾ?”

“ಇಲ್ರೀ! ನನಗೆ ಈ ಲೆಕ್ಕ ಎಲ್ಲಿ ಬರ್ಬೇಕು?”

“ನೀವು ನೋಡಿದ್ರಾ ಮೇಷ್ಟ್ರೇ?”

“ನೋಡ್ದೆ. ಎಲ್ಲಾ ಸರಿಯಾಗೇ ಇತ್ತು.”

ಪ್ರೇಮಮ್ಮ ದಾರದ ಎಡತುದಿಯ ಗಂಟನ್ನು ಬೆರಳಲ್ಲಿ ತಡವಿದರು. ಆಮೇಲೆ ಹಾಳೆಯ ಮೇಲೆ ಎರಡರಿಂದ ಹತ್ತರವರೆಗೂ ನಿಧಾನವಾಗಿ ಭಾಗಾಕಾರ ಮಾಡಿದರು.

“ಧನುಶ್ರೀ, ಈ ಗಂಟು ನೀನು ಹಾಕಿದ್ದಾ?”

“ಅಲ್ಲ ಮೇಡಂ. ನಾನು ಎರಡೂ ಕಡೆ ಮೊಳೆಗೆ ಸುತ್ತಿದ್ದೆ ಅಷ್ಟೇ.”

“ಹಂಗಾದ್ರೆ ಕೇಳ್ರಿ. ಕೆಡಿಸಾಕೆ ಬಂದೋರು ಹೆಂಗೆ ಬೇಕಾದ್ರೂ ಕೆಡಿಸ್ತಿದ್ರು. ಎಂಟನ್ನ ಮುಂದಿಟ್ಟಿದ್ರೆ ಎರಡರಲ್ಲೇ ತಪ್ಪು ಸಿಗ್ತಿತ್ತು. ಇಲ್ಲಿ ನೋಡ್ರಿ — ಏಳೊಂದು ಬಿಟ್ಟು ಎಲ್ಲಾ ಸರಿಯಾಗೈತೆ! ಇದು ಕೆಡಿಸಿದ ಕೈಯಲ್ಲ, ಸರಿ ಮಾಡಾಕೆ ಹೋದ ಕೈ. ದಾರ ಬಿಚ್ಚಿ ಮೊದಲ ಮೂರು ರಟ್ಟು ಬಿದ್ದಾವೆ. ಎರಡರಿಂದ ಭಾಗವಾಗಾಕೆ ನಡುವೆ ಎಂಟೇ ಬರ್ಬೇಕು ಅಂತ ಎತ್ತಿಟ್ಟೋರಿಗೆ ಗೊತ್ತಿತ್ತು. ಮುಂದೆ ಮೂರೋ, ಒಂದೋ? ಕ್ಲಾಸಲ್ಲಿ ಹೇಳ್ಕೊಡೋ ಸೂತ್ರ ಎಲ್ಲಾ ಬಾಯಲ್ಲೇ ಹಾಕಿ ನೋಡಿದಾರೆ. ಏಳಕ್ಕೆ ಮಾತ್ರ ನಾವ್ಯಾರೂ ಸೂತ್ರ ಹೇಳ್ಕೊಡಲ್ಲ, ಕೂತು ಭಾಗಿಸ್ಬೇಕು.” ಅವರು ತಿರುಗಿದರು. “ಮೇಷ್ಟ್ರೇ, ಬೆಳಿಗ್ಗೆ ಬಂದೋರಲ್ಲಿ ಈ ಸಂಖ್ಯೆ ಸರಿಯಿರ್ಲಿ ಅಂತ ಬಯಸೋರು ನೀವೊಬ್ರೇ. ನೀವು ಕೂತು ಭಾಗಿಸಿದ್ರಾ?”

ಮುರುಗೇಶಪ್ಪನವರ ಮುಖ ಕಪ್ಪಿಟ್ಟಿತು.

“ಹೆಗಲು ತಾಗಿ ಬಿತ್ತು ಮೇಡಂ… ಇಪ್ಪತ್ತು ವರ್ಷ ಗಣಿತ ಹೇಳಿದೋನು, ಹುಡುಗೀಗೆ ಫೋನ್ ಮಾಡಿ ಕೇಳಾಕೆ ನಾಚಿಕೆ ಆಯ್ತು.”

“ತಪ್ಪಾಗೈತೆ ಅಂತ ಗೊತ್ತಾದ್ಮೇಲೂ ಆ ಹುಡುಗಿ ಹೆಸರು ಯಾಕೆ ಹೇಳಿದ್ರಿ?”

ಮುರುಗೇಶಪ್ಪ ದಾರದ ಹತ್ತಿರ ಹೋಗಿ ಮೂರನ್ನೂ ಒಂದನ್ನೂ ಅವುಗಳ ಜಾಗಕ್ಕೆ ಹಾಕಿದರು.

ಪ್ರೇಮಮ್ಮ ಅಂಕಪಟ್ಟಿಯಲ್ಲಿ ಧನುಶ್ರೀಗೆ ಕೊಟ್ಟಿದ್ದ ಸೊನ್ನೆಯನ್ನು ಹೊಡೆದು ಹಾಕಿದರು. ಮೊದಲು ಧನುಶ್ರೀಯ ಹೆಸರು ಓದಿದರು. ಚಪ್ಪಾಳೆ ಬಿತ್ತು. ಎರಡನೆಯ ಹೆಸರು ಮೇಘಶ್ರೀಯದು. ಮೂರು ಸಲ ಕೂಗಿದರು.

ಧನುಶ್ರೀ ಬಸ್ ನಿಲ್ದಾಣಕ್ಕೆ ಓಡಿದಳು. ಹೊನ್ನಾಳಿ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು.