ಫೋನ್ ಮಾಡಿ ತಿಳಿಸುತ್ತೇವೆ

“ಗುಡ್ ಮಾರ್ನಿಂಗ್ ಮೇಡಂ” ಎಂದು ಅವನು ತನ್ನ ಫೈಲನ್ನು ಶರೊನ್ ಮುಂದೆ ಇಟ್ಟ.

ಅತ್ತಾವರದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳು ಮೇಜಿನ ಆಚೆ ಕೂತಿದ್ದದ್ದು ಫ್ಯಾನಿನ ಗಾಳಿ ಅಲ್ಲಿಗೆ ಮಾತ್ರ ಬರುತ್ತಿತ್ತು ಎಂಬ ಕಾರಣಕ್ಕೆ. ಅವಳೂ ಬಿಲ್ಲಿಂಗ್ ಕೆಲಸದ ಇಂಟರ್‌ವ್ಯೂಗೆ ಬಂದವಳೇ. ಹಾಗೆಂದು ಹೇಳಬಹುದಿತ್ತು, ಹೇಳುವಷ್ಟು ಉತ್ಸಾಹ ಬರಲಿಲ್ಲ. ಫೈಲ್ ತೆರೆದಳು. ಶ್ರವಣ್ ಶೆಟ್ಟಿ. ದುಬೈಯ ಹೋಟೆಲೊಂದರಲ್ಲಿ ಫ್ರಂಟ್ ಆಫೀಸ್.

“ಆ ಕೆಲಸ ಯಾಕೆ ಬಿಟ್ರಿ?”

“ನಾನು ಬಿಟ್ಟದ್ದಲ್ಲ ಮೇಡಂ. ಅವರು ನನ್ನನ್ನು ಬಿಟ್ಟದ್ದು.”

ಅಷ್ಟರಲ್ಲಿ ನಿಜವಾದ ಮೇಡಂ ಒಳಗೆ ಬಂದರು. ಶರೊನ್ ಎದ್ದು ಬೆಂಚಿಗೆ ಹೋಗಿ ಕೂತಳು. ಅವನ ಕಿವಿ ಕೆಂಪಾಯಿತು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು, ತುದಿಯಲ್ಲಿ ಸಣ್ಣಗೆ ನಗುತ್ತ.

ಇಬ್ಬರಿಗೂ ಒಂದೇ ಉತ್ತರ ಸಿಕ್ಕಿತು. ಫೋನ್ ಮಾಡಿ ತಿಳಿಸುತ್ತೇವೆ.

“ಒಳಗಿದ್ದವರಿಗಿಂತ ನೀವೇ ಒಳ್ಳೆ ಪ್ರಶ್ನೆ ಕೇಳಿದ್ದು” ಎಂದ ಅವನು, ಹೊರಗೆ ಬಂದ ಮೇಲೆ. “ಒಂದು ಚಾ ಕುಡಿಯುವಾ?”

ಅವಳು ಹೋದಳು. ಬೇಡ ಎನ್ನಲಿಕ್ಕೂ ಒಂದು ಮನಸ್ಸು ಬೇಕಲ್ಲ.

ಶರೊನ್ ಮೀನು ರಫ್ತು ಮಾಡುವ ಕಂಪೆನಿಯೊಂದರಲ್ಲಿ ಅಕೌಂಟೆಂಟ್ ಆಗಿದ್ದಳು. ಹೊರದೇಶದ ಆರ್ಡರುಗಳು ನಿಂತವು, ಕಂಪೆನಿಯೂ ಮುಚ್ಚಿತು. ಆ ದಿನ ಅತ್ತಿದ್ದಳು. ಆಮೇಲೆ ಒಂದೊಂದೇ ಇಂಟರ್‌ವ್ಯೂ ಮುಗಿದಂತೆ ಅಳು ನಿಂತಿತು, ನಾಚಿಕೆ ನಿಂತಿತು. ಮಮ್ಮಿ ಮೀನು ಸಾರು ಬಡಿಸಿ ಹೇಗಾಗಿದೆ ಎಂದು ಕೇಳಿದರೆ, ನಾಲಗೆಗೆ ಏನೂ ತಿಳಿಯದಿದ್ದರೂ ಚೆನ್ನಾಗಿದೆ ಎನ್ನುತ್ತಿದ್ದಳು.

ಚಾ ಕುಡಿದ ಆ ದಿನದ ಮೇಲೆ ಇಂಟರ್‌ವ್ಯೂಗಳಿಗೆ ಇಬ್ಬರೂ ಅವನ ಸ್ಕೂಟರಿನಲ್ಲೇ ಹೋಗತೊಡಗಿದರು. ಅವಳು ಪಂಪ್‌ವೆಲ್ ಫ್ಲೈಓವರಿನ ಕೆಳಗೆ ನಿಂತಿರುತ್ತಿದ್ದಳು, ಅವನು ಬರುತ್ತಿದ್ದ. ‘ನೀವು’ ಹೋಗಿ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

“ಇಂಟರ್‌ವ್ಯೂನಲ್ಲಿ ಸ್ವಲ್ಪ ನಗಬೇಕು ಮಾರಾಯ್ತಿ.”

“ಬರುದಿಲ್ಲ.”

“ನನ್ನ ಮುಖ ನೋಡು. ಎಲ್ಲರಿಗೂ ನಗು ಬರ್ತದೆ.”

ಅವಳು ಸ್ಕೂಟರಿನ ಕನ್ನಡಿಯಲ್ಲಿ ನೋಡಿದಳು. ಹೆಲ್ಮೆಟ್ಟಿನೊಳಗೆ ಎರಡು ಕಣ್ಣುಗಳು ಕಾಯುತ್ತಿದ್ದವು. ನಗು ಬರಲಿಲ್ಲ. ಆದರೆ ಸಿಗ್ನಲ್ ಬಿಟ್ಟ ಮೇಲೂ ಅವಳು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

ಮಮ್ಮಿ ಅವನ ಹೆಸರು ಕೇಳಿ ಗೋಡೆಯ ಶಿಲುಬೆಯ ಕಡೆ ನೋಡಿದರು. ಕೆಲಸ ಇಲ್ಲದ ಹುಡುಗ ಎಂದರು, ಅಷ್ಟೇ.

ಒಂದು ದಿನ ಸುರತ್ಕಲ್‌ನ ಕಾಲೇಜೊಂದರಿಂದ ಇದ್ದಕ್ಕಿದ್ದಂತೆ ಕರೆ ಬಂತು. ಅಕೌಂಟ್ಸ್ ವಿಭಾಗ, ಮಧ್ಯಾಹ್ನವೇ ಬರಬೇಕು. ಶ್ರವಣ್‌ಗೆ ಫೋನ್ ಮಾಡಿ ಹೇಳಿದರೆ, ಇಂಟರ್‌ವ್ಯೂಗೆಂದು ಉಡುಪಿಗೆ ಹೊರಟಿದ್ದೇನೆ ಎಂದ. ಅವಳು ಬಸ್ಸಿನಲ್ಲಿ ಹೋದಳು. ಇಳಿದಾಗ ಬಿಸಿಲಿಗೆ ತಲೆ ತಿರುಗಿದಂತಾಯಿತು. ಕುಡಿಯಲು ನೀರು ಕೇಳೋಣವೆಂದು ಹೆದ್ದಾರಿ ಬದಿಯ ಹೋಟೆಲನ್ನು ಹೊಕ್ಕಳು.

ರಿಸೆಪ್ಶನ್‌ನಲ್ಲಿ ಶ್ರವಣ್ ನಿಂತಿದ್ದ. ಕಪ್ಪು ಕೋಟು, ಎದೆಯ ಮೇಲೆ ಹೆಸರಿನ ಬ್ಯಾಡ್ಜು.

“ಯಾವಾಗಿಂದ?”

“ಹೋದ ಸೋಮವಾರದಿಂದ.”

“ಮತ್ತೆ ಬೆಳಿಗ್ಗೆ ನನ್ನೊಟ್ಟಿಗೆ ಇಂಟರ್‌ವ್ಯೂಗೆ ಬರ್ತಿದ್ದದ್ದು?”

“ನನ್ನ ಶಿಫ್ಟ್ ಶುರುವಾಗುದು ಮಧ್ಯಾಹ್ನ.” ಅವನ ಸ್ವರ ಇಳಿಯಿತು. “ಹೇಳಿದ್ರೆ ನೀನು ನಾಳೆಯಿಂದ ಸ್ಕೂಟರ್ ಹತ್ತುದಿಲ್ಲ ಅಂತ ಹೆದರಿಕೆ ಆಯ್ತು. ಆ ಬೆಂಚುಗಳಲ್ಲಿ ನೀನು ಒಬ್ಬಳೇ ಕೂತುಕೊಳ್ಳುದು ನೆನೆಸಲಿಕ್ಕೆ ಆಗ್ಲಿಲ್ಲ.”

ಅವಳೊಳಗೆ ಏನೋ ಎದ್ದು ಬಂತು. ಏನೆಂದು ಕೂಡಲೇ ಗುರುತು ಸಿಗಲಿಲ್ಲ. ಕಿವಿ ಸುಡುತ್ತಿತ್ತು. ಸಿಟ್ಟು. ಎಷ್ಟು ಕಾಲವಾಗಿತ್ತು ಸಿಟ್ಟು ಬಂದು.

“ನಾನು ಪಾಪ ಅಂತ ಕಾಣ್ತದಾ ನಿನಗೆ?”

“ಪಾಪ ಅಂತ ಅಲ್ಲ.”

“ಮತ್ತೆಂತ?”

ಯಾರೋ ಬಂದು ರೂಮಿನ ಕೀ ಕೇಳಿದರು. ಅವನು ಆ ಕಡೆ ತಿರುಗಲೇಬೇಕಾಯಿತು. ಶರೊನ್ ನೀರು ಕುಡಿಯದೆ ಹೊರಟಳು.

ಸಿಟ್ಟಿನಲ್ಲೇ ಪ್ರಿನ್ಸಿಪಾಲರ ಎದುರು ಕೂತಳು.

“ಕಂಪೆನಿ ಮುಚ್ಚಿದ ಮೇಲೆ ಎಂತ ಮಾಡ್ತಾ ಇದ್ರಿ?”

“ಕೆಲಸ ಹುಡುಕ್ತಾ ಇದ್ದೆ ಸರ್. ಅದೂ ಕೆಲಸವೇ.”

ಅವರು ಪೆನ್ನು ಕೆಳಗಿಟ್ಟರು. “ನಿಮಗೆ ಸುಳ್ಳು ಹೇಳಲಿಕ್ಕೆ ಮನಸ್ಸಿಲ್ಲ ಅಮ್ಮ. ಮ್ಯಾನೇಜ್‌ಮೆಂಟಿನವರು ಆಗಲೇ ಒಬ್ಬರನ್ನು ನೋಡಿ ಆಗಿದೆ. ಲೆಕ್ಕಕ್ಕೆ ಅಂತ ನಾಲ್ಕು ಜನರನ್ನು ಕರೆಸಿದ್ದು.”

ಹೊರಗೆ ಬಂದರೆ ಗೇಟಿನ ಬಳಿ ಶ್ರವಣ್ ನಿಂತಿದ್ದ, ಅದೇ ಕೋಟಿನಲ್ಲಿ, ಬೆವರಿಳಿಸುತ್ತ.

“ಮ್ಯಾನೇಜರ್‌ನ ಹತ್ರ ಸ್ವಲ್ಪ ಹೊತ್ತು ಬಿಡುವು ಕೇಳಿ ಬಂದೆ. ಸಿಕ್ತಾ?”

“ಇಲ್ಲ.”

“ಸಿಟ್ಟು ಇನ್ನೂ ಉಂಟಾ?”

“ಉಂಟು” ಎನ್ನುವಾಗಲೇ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಲಿಲ್ಲ. “ನಿನಗೆ ಕೆಲಸ ಸಿಕ್ಕಿತು ಅಂತ ಖುಷಿಪಡ್ಲಿಕ್ಕೆ ಈಗ ನನ್ನಿಂದ ಆಗುದಿಲ್ಲ ಶ್ರವಣ್.”

“ಅರ್ಜೆಂಟ್ ಇಲ್ಲ. ನಿಧಾನಕ್ಕೆ ಪಡು.”

“ನನಗೆ ಕೆಲಸ ಬೇಕು.” ಅವನ ಎದೆಯ ಬ್ಯಾಡ್ಜನ್ನು ನೋಡಿದಳು. “ನೀನೂ ಬೇಕು.”

ಅವನು ಮೊದಲು ನೆಲ ನೋಡಿದ. ಆಮೇಲೆ ಅವಳನ್ನು.

“ಕೆಲಸ ನನ್ನ ಕೈಯಲ್ಲಿ ಇಲ್ಲ ಮಾರಾಯ್ತಿ” ಎಂದ. “ಇನ್ನೊಂದು ಉಂಟು.”

ಕೈ ಚಾಚಿದ. ಬಸ್ ಕಾಯುತ್ತಿದ್ದವರೆಲ್ಲ ನೋಡುತ್ತಿರುವಂತೆಯೇ ಅವಳು ಅದನ್ನು ಹಿಡಿದುಕೊಂಡಳು. ಅಂಗೈ ಬೆವರಿ ಬೆಚ್ಚಗಿತ್ತು. ಅವಳಿಗೆ ಅದು ಗೊತ್ತಾಗುತ್ತಿತ್ತು.